ಕ್ರೈಸ್ತ ಸನ್ಯಾಸಿನಿಯರಿಗೆ ಗರ್ಭನಿರೋಧಕ ಕಡ್ಡಾಯ ಮಾಡಿತ್ತೇ ಅಮೆರಿಕ? ಒಂದು ಫಾರ್ಮಿನ ಸುತ್ತ ನಡೆದ ಜಗಳದ ಹಿನ್ನೆಲೆ

“ಅಮೆರಿಕ ಸರ್ಕಾರ ಕ್ರೈಸ್ತ ಸನ್ಯಾಸಿನಿಯರಿಗೂ ಗರ್ಭನಿರೋಧಕ ಮಾತ್ರೆ ಕಡ್ಡಾಯ ಮಾಡಿತು, ಒಪ್ಪದಿದ್ದಾಗ ಕೋಟಿಗಟ್ಟಲೆ ದಂಡ ಹಾಕಿತು.” ಇಂಥದ್ದೊಂದು ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇದಕ್ಕೆ ತದ್ವಿರುದ್ಧವಾದ ಸಂದೇಶವೂ ಇದೆ: “ಅಮೆರಿಕದಲ್ಲಿ ಕ್ಯಾಥೊಲಿಕ್ ಚರ್ಚು ಕೋರ್ಟಿಗೆ ಹೋಗಿ ಹೆಂಗಸರ ಮಾತ್ರೆಯನ್ನೇ ಬ್ಯಾನ್ ಮಾಡಿಸಿತು.” ಎರಡೂ ಅರ್ಧ ಬೆಂದ ಅನ್ನ. ಎರಡರಲ್ಲೂ ನಿಜದ ಒಂದೊಂದು ಅಗುಳಿದೆ, ಹಾಗಾಗಿಯೇ ಅವು ಗ್ರೂಪಿನಿಂದ ಗ್ರೂಪಿಗೆ ಓಡುತ್ತವೆ.

ಮೊದಲು ಚುಟುಕಾಗಿ ಉತ್ತರ. ಯಾವ ಸನ್ಯಾಸಿನಿಗೂ ಯಾರೂ ಮಾತ್ರೆ ನುಂಗಲು ಹೇಳಲಿಲ್ಲ. ಈ ಪ್ರಕರಣಗಳಲ್ಲಿ ಮಾತ್ರೆಯ ಮಾರಾಟ ನಿಲ್ಲಿಸಿ ಎಂದು ಚರ್ಚೂ ಕೇಳಲಿಲ್ಲ. ಜಗಳ ಇದ್ದದ್ದು ಇಷ್ಟಕ್ಕೆ: ಒಂದು ಸಂಸ್ಥೆ ತನ್ನ ನೌಕರರಿಗೆ ಆರೋಗ್ಯ ವಿಮೆ ಕೊಡುವಾಗ, ಆ ವಿಮೆಯಲ್ಲಿ ಗರ್ಭನಿರೋಧಕಗಳೂ ಉಚಿತವಾಗಿ ಸೇರಿರಬೇಕೇ? ಆ ಸಂಸ್ಥೆ ಕ್ಯಾಥೊಲಿಕ್ ಆಸ್ಪತ್ರೆಯೋ ಕಾಲೇಜೋ ವೃದ್ಧಾಶ್ರಮವೋ ಆಗಿದ್ದರೆ? ಅಲ್ಲಿ ಕೆಲಸ ಮಾಡುವ ನರ್ಸು, ಅಡುಗೆಯವರು, ಕ್ಲರ್ಕು, ಲೆಕ್ಚರರು ಎಲ್ಲರೂ ಕ್ಯಾಥೊಲಿಕರೇ ಆಗಿರಬೇಕಿಲ್ಲ ಎನ್ನುವುದನ್ನು ನೆನಪಿಟ್ಟುಕೊಂಡು ಮುಂದೆ ಓದಿ. ‘ಕಡ್ಡಾಯ’ ಎಂಬ ಪದ ಹೆಡ್‌ಲೈನಿಗೆ ಬಂದಾಗ ‘ಯಾರಿಗೆ, ಏನನ್ನು’ ಎನ್ನುವುದು ಉದುರಿಹೋಗುತ್ತದೆ. ಈ ವಿಷಯದಲ್ಲಿ ಅರ್ಧ ಗೊಂದಲ ಹುಟ್ಟಿದ್ದೇ ಅಲ್ಲಿ.

ಮಾಲೀಕನ ಕೈಯಲ್ಲಿ ವಿಮೆ ಯಾಕೆ?

ನಮ್ಮ ಓದುಗರಿಗೆ ಮೊದಲು ವಿಚಿತ್ರ ಅನ್ನಿಸುವುದು ಇದೇ. ಗರ್ಭನಿರೋಧಕಕ್ಕೂ ಕೆಲಸ ಕೊಟ್ಟವರ ಧರ್ಮಕ್ಕೂ ಏನು ಸಂಬಂಧ? ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ನಿರೋಧ್, ಮಾಲಾ-ಎನ್ ಮಾತ್ರೆ ಪುಕ್ಕಟೆ, ವಂಕಿ ಹಾಕಿಸಿಕೊಳ್ಳುವುದೂ ಪುಕ್ಕಟೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಇಡೀ ವ್ಯವಹಾರ ಸರ್ಕಾರ ಮತ್ತು ಪ್ರಜೆಯ ನಡುವಿನದು. (ನಮ್ಮ ಕುಟುಂಬ ಯೋಜನೆಗೂ ಅದರದೇ ಕರಾಳ ಅಧ್ಯಾಯಗಳಿವೆ, ತುರ್ತುಪರಿಸ್ಥಿತಿಯ ಕಾಲದ ಬಲವಂತದ ಶಸ್ತ್ರಚಿಕಿತ್ಸೆಗಳು ಗೊತ್ತಲ್ಲ. ಆದರೆ ಅದು ಬೇರೆಯೇ ಕಥೆ.)

ಅಮೆರಿಕದಲ್ಲಿ ಹಾಗಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಬೆಲೆ ಏರಿಕೆ ತಡೆಯಲು ಅಲ್ಲಿನ ಸರ್ಕಾರ ಸಂಬಳಕ್ಕೆ ಮಿತಿ ಹಾಕಿತು. ಸಂಬಳ ಹೆಚ್ಚಿಸಿ ಕೆಲಸಗಾರರನ್ನು ಸೆಳೆಯಲು ಕಂಪನಿಗಳಿಗೆ ಆಗಲಿಲ್ಲ. ಆದರೆ ಆರೋಗ್ಯ ವಿಮೆಯಂಥ ಸೌಲಭ್ಯ ಆ ಮಿತಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಾಗಾಗಿ ವಿಮೆ ಕೊಡಲು ಶುರು ಮಾಡಿದವು. 1954ರಲ್ಲಿ ಈ ವಿಮೆಗೆ ತೆರಿಗೆ ವಿನಾಯಿತಿಯೂ ಗಟ್ಟಿಯಾಯಿತು. ಯುದ್ಧ ಮುಗಿದು ಎಂಬತ್ತು ವರ್ಷ ಕಳೆದರೂ ಆ ಏರ್ಪಾಡು ಉಳಿದುಬಿಟ್ಟಿದೆ. ಇವತ್ತಿಗೂ ಅಮೆರಿಕದ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಆರೋಗ್ಯ ವಿಮೆ ಬರುವುದು ತಮ್ಮ ಅಥವಾ ಮನೆಯವರ ಕೆಲಸದ ಮೂಲಕ. ಅಲ್ಲಿರುವ ನಮ್ಮ ಸಾಫ್ಟ್‌ವೇರ್ ಮಂದಿಯನ್ನು ಕೇಳಿ ನೋಡಿ, ಕೆಲಸ ಹೋದರೆ ಸಂಬಳದ ಜೊತೆಗೇ ಅವರಿಗೆ ಕಾಡುವ ಚಿಂತೆ ವಿಮೆಯದ್ದು.

ನನ್ನ ಪ್ರಕಾರ ಈ ಜಗಳದ ತಾಯಿಬೇರು ಇರುವುದು ಧರ್ಮಗ್ರಂಥದಲ್ಲಿ ಅಲ್ಲ, 1942ರ ಆ ಸಂಬಳದ ನಿಯಮದಲ್ಲಿ. ವಿಮೆ ಮಾಲೀಕನ ಕೈ ಹಾದು ಬರುವವರೆಗೂ, ‘ಇದು ನನ್ನ ದುಡ್ಡು, ನನ್ನ ಆತ್ಮಸಾಕ್ಷಿ’ ಎಂದು ಮಾಲೀಕನೂ ‘ಇದು ನನ್ನ ದುಡಿಮೆಯ ಭಾಗ, ನನ್ನ ದೇಹ’ ಎಂದು ನೌಕರಳೂ ಹೇಳುತ್ತಲೇ ಇರುತ್ತಾರೆ.

ಕಾನೂನು ಹೇಳಿದ್ದೇನು?

2010ರ ಮಾರ್ಚ್ 23ರಂದು ಅಧ್ಯಕ್ಷ ಬರಾಕ್ ಒಬಾಮ ‘ಒಬಾಮಕೇರ್’ ಎಂದೇ ಹೆಸರಾದ ಆರೋಗ್ಯ ಕಾಯ್ದೆಗೆ ಸಹಿ ಹಾಕಿದರು. ಸೆನೆಟರ್ ಬಾರ್ಬರಾ ಮಿಕುಲ್ಸ್ಕಿ ಅದಕ್ಕೆ ಸೇರಿಸಿದ್ದ ಒಂದು ತಿದ್ದುಪಡಿ ಹೇಳಿದ್ದು, ಹೆಂಗಸರ ರೋಗ ತಡೆಗೆ ಬೇಕಾದ ಸೇವೆಗಳಿಗೆ ವಿಮೆ ಪೂರ್ತಿ ಹಣ ಕೊಡಬೇಕು, ಹೆಂಗಸಿನ ಕೈಯಿಂದ ಏನೂ ವಸೂಲಿ ಮಾಡಬಾರದು ಎಂದು. ಗಮನಿಸಿ, ಕಾಯ್ದೆಯಲ್ಲಿ ‘ಗರ್ಭನಿರೋಧಕ’ ಎಂಬ ಪದವೇ ಈ ಜಾಗದಲ್ಲಿಲ್ಲ. ಯಾವ್ಯಾವ ಸೇವೆ ಎನ್ನುವುದನ್ನು ಆರೋಗ್ಯ ಇಲಾಖೆಗೆ ಬಿಡಲಾಗಿತ್ತು. ಇಲಾಖೆ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಂಬ ತಜ್ಞ ಸಂಸ್ಥೆಯನ್ನು ಕೇಳಿತು. 2011ರ ಜುಲೈನಲ್ಲಿ ಬಂದ ವರದಿ, ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದ ಎಲ್ಲ ಗರ್ಭನಿರೋಧಕ ವಿಧಾನಗಳನ್ನೂ ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಸೇರಿಸಿ ಎಂದಿತು. ಆಗಸ್ಟ್‌ನಲ್ಲಿ ಇಲಾಖೆ ಒಪ್ಪಿತು. ಗಂಡಸರ ವ್ಯಾಸೆಕ್ಟಮಿ, ಕಾಂಡೋಮ್ ಈ ಪಟ್ಟಿಯಲ್ಲಿ ಇರಲಿಲ್ಲ, ಯಾಕೆಂದರೆ ತಿದ್ದುಪಡಿ ಇದ್ದದ್ದೇ ಹೆಂಗಸರ ಸೇವೆಗಳ ಬಗ್ಗೆ.

ತಜ್ಞರಿಗೆ ಕಾರಣ ಇತ್ತು. ಆಗ ಅಮೆರಿಕದ ಗರ್ಭಧಾರಣೆಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಬಯಸದೇ ಆದವು. ವಂಕಿಯಂಥ ದೀರ್ಘಕಾಲದ, ಹೆಚ್ಚು ಭರವಸೆಯ ಸಾಧನಕ್ಕೆ ಮೊದಲ ದಿನವೇ ದೊಡ್ಡ ಮೊತ್ತ ಬೇಕು. ಕನಿಷ್ಠ ವೇತನದಲ್ಲಿ ಪೂರ್ತಿ ತಿಂಗಳು ದುಡಿದರೆ ಬರುವಷ್ಟು ಹಣ ಅದಕ್ಕೆ ಬೇಕಾಗುತ್ತದೆ ಎಂದು ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತಮ್ಮ ಭಿನ್ನಮತದಲ್ಲಿ ಬರೆದರು. ಸೇಂಟ್ ಲೂಯಿಸ್ ನಗರದಲ್ಲಿ ಸುಮಾರು 9 ಸಾವಿರ ಹೆಂಗಸರಿಗೆ ಬೇಕಾದ ವಿಧಾನವನ್ನು ಪುಕ್ಕಟೆ ಕೊಟ್ಟು ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಗರ್ಭಪಾತದ ಪ್ರಮಾಣ ದೇಶದ ಸರಾಸರಿಗಿಂತ ಬಹಳ ಕಡಿಮೆ ಇತ್ತು. ಗರ್ಭಪಾತವನ್ನು ವಿರೋಧಿಸುವವರೇ ಗರ್ಭನಿರೋಧಕವನ್ನೂ ವಿರೋಧಿಸುವುದು ಹೇಗೆ ಎಂಬ ಪ್ರಶ್ನೆ ಎದ್ದದ್ದು ಇಂಥ ಅಂಕಿಗಳಿಂದ.

ಇದು ಆಕಾಶದಿಂದ ಬಿದ್ದ ಕಾನೂನೇನೂ ಆಗಿರಲಿಲ್ಲ. ಬೇರೆ ತಡೆ ಔಷಧಿಗಳಿಗೆ ವಿಮೆ ಕೊಟ್ಟು ಗರ್ಭನಿರೋಧಕಕ್ಕೆ ಮಾತ್ರ ಕೊಡದಿದ್ದರೆ ಅದು ಲಿಂಗ ತಾರತಮ್ಯ ಎಂದು ಅಲ್ಲಿನ ಸಮಾನ ಉದ್ಯೋಗಾವಕಾಶ ಆಯೋಗ 2000ದಲ್ಲೇ ಹೇಳಿತ್ತು. ಹಲವು ರಾಜ್ಯಗಳಲ್ಲಿ ಇಂಥ ಕಾನೂನು ಮೊದಲೇ ಇತ್ತು. ಕ್ಯಾಲಿಫೋರ್ನಿಯಾದ ಕಾನೂನಿನ ವಿರುದ್ಧ ಕೋರ್ಟಿಗೆ ಹೋಗಿದ್ದ ಕ್ಯಾಥೊಲಿಕ್ ಚಾರಿಟೀಸ್ ಸಂಸ್ಥೆ 2004ರಲ್ಲಿ ಸೋತಿತ್ತು. ಹೊಸದೆಂದರೆ, ಈಗ ಇಡೀ ದೇಶಕ್ಕೆ ಒಂದೇ ನಿಯಮ, ತಪ್ಪಿದರೆ ನೌಕರರೊಬ್ಬರಿಗೆ ದಿನಕ್ಕೆ 100 ಡಾಲರ್ ದಂಡ.

ವಿನಾಯಿತಿಯ ಬಾಗಿಲು ಕಿರಿದಾಯಿತು

ಚರ್ಚುಗಳಿಗೆ ಮೊದಲಿನಿಂದಲೇ ವಿನಾಯಿತಿ ಇತ್ತು. ಮೊದಲ ಫಾರ್ವರ್ಡ್ ಎಡವುವುದು ಇಲ್ಲೇ. ಆದರೆ ‘ಧಾರ್ಮಿಕ ಸಂಸ್ಥೆ’ ಎಂದರೆ ಯಾವುದು ಎನ್ನುವುದಕ್ಕೆ ಇಲಾಖೆ ನಾಲ್ಕು ಷರತ್ತು ಇಟ್ಟಿತು. ಧರ್ಮಬೋಧನೆಯೇ ಅದರ ಉದ್ದೇಶವಾಗಿರಬೇಕು, ನೌಕರರು ಮುಖ್ಯವಾಗಿ ಅದೇ ಧರ್ಮದವರಾಗಿರಬೇಕು, ಸೇವೆ ಪಡೆಯುವವರೂ ಮುಖ್ಯವಾಗಿ ಅದೇ ಧರ್ಮದವರಾಗಿರಬೇಕು, ತೆರಿಗೆ ಕಾನೂನಿನ ಪ್ರಕಾರ ಚರ್ಚಿನ ವರ್ಗಕ್ಕೆ ಸೇರಿರಬೇಕು. ಅಮೆರಿಕದಲ್ಲಿ 600ಕ್ಕೂ ಹೆಚ್ಚು ಕ್ಯಾಥೊಲಿಕ್ ಆಸ್ಪತ್ರೆಗಳಿವೆ. ಅವು ಬಂದ ರೋಗಿಯ ಧರ್ಮ ಕೇಳುವುದಿಲ್ಲ. ಹಾಗಾಗಿ ಈ ಷರತ್ತಿನಲ್ಲಿ ಅವು ಧಾರ್ಮಿಕ ಸಂಸ್ಥೆಗಳೇ ಅಲ್ಲ! ಯಾರು ಬಂದರೂ ವಾಸಿ ಮಾಡಿದ ಯೇಸುವಿಗೂ ಈ ಲೆಕ್ಕದಲ್ಲಿ ವಿನಾಯಿತಿ ಸಿಗುವುದಿಲ್ಲ ಎಂಬ ಅರ್ಥದ ಮಾತನ್ನು ಬಿಷಪ್ಪರ ಕಡೆಯವರು ಆಡಿದ್ದು ಇದಕ್ಕೇ. ಸರ್ಕಾರ ಇಲ್ಲಿ ಎಡವಿತು ಎಂದೇ ನನಗನ್ನಿಸುತ್ತದೆ. ಪರಧರ್ಮೀಯರಿಗೆ ಬಾಗಿಲು ತೆರೆದದ್ದೇ ಅನರ್ಹತೆ ಎನ್ನುವ ನಿಯಮವನ್ನು ಸಮರ್ಥಿಸುವುದು ಕಷ್ಟ.

2012ರ ಜನವರಿ 20ರಂದು ಆರೋಗ್ಯ ಸಚಿವೆ ಕ್ಯಾಥ್ಲೀನ್ ಸೆಬೀಲಿಯಸ್ ಈ ನಿಯಮವೇ ಅಂತಿಮ, ಧಾರ್ಮಿಕ ಸಂಸ್ಥೆಗಳಿಗೆ ಹೊಂದಿಕೊಳ್ಳಲು ಇನ್ನೊಂದು ವರ್ಷ ಸಮಯ ಎಂದರು. ಅವರೂ ಕ್ಯಾಥೊಲಿಕರೇ. ಆ ತಿಂಗಳ ಕೊನೆಯ ಹೊತ್ತಿಗೆ ದೇಶದ ತುಂಬ ಭಾನುವಾರದ ಪೂಜೆಯಲ್ಲಿ ಬಿಷಪ್ಪರ ಪ್ರತಿಭಟನೆಯ ಪತ್ರಗಳನ್ನು ಓದಲಾಯಿತು. ಬಿಷಪ್ಪರ ಒಕ್ಕೂಟದ ಅಧ್ಯಕ್ಷ ತಿಮೊಥಿ ಡೋಲನ್ ವಿರೋಧದ ಮುಂಚೂಣಿಗೆ ಬಂದರು.

ಚರ್ಚಿನ ಆಕ್ಷೇಪ ಯಾವುದಕ್ಕೆ?

1930ರಲ್ಲಿ ಆಂಗ್ಲಿಕನ್ ಚರ್ಚು ಕೆಲವು ಸಂದರ್ಭಗಳಲ್ಲಿ ಗರ್ಭನಿರೋಧಕ ಬಳಸಬಹುದು ಎಂದಿತು. ಅದೇ ವರ್ಷದ ಕೊನೆಗೆ ಪೋಪ್ ಹನ್ನೊಂದನೇ ಪಯಸ್ ಅದು ಕೂಡದು ಎಂದು ಪತ್ರ ಹೊರಡಿಸಿದರು. 1960ರಲ್ಲಿ ಮಾತ್ರೆ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಡಾ. ಜಾನ್ ರಾಕ್ ನಿಷ್ಠಾವಂತ ಕ್ಯಾಥೊಲಿಕ್. ಹೆಂಗಸಿನ ದೇಹದಲ್ಲೇ ಇರುವ ಹಾರ್ಮೋನಿನಂತೆ ಕೆಲಸ ಮಾಡುವ ಮಾತ್ರೆಯನ್ನು ಚರ್ಚು ಒಪ್ಪುತ್ತದೆ ಎಂದು ಅವರು ನಂಬಿದ್ದರು. ವ್ಯಾಟಿಕನ್ ನೇಮಿಸಿದ ಸಮಿತಿಯ ಬಹುಮತವೂ 1966ರಲ್ಲಿ ಬದಲಾವಣೆಯ ಪರ ನಿಂತಿತು. ಆದರೆ ಪೋಪ್ ಆರನೇ ಪಾಲ್ 1968ರ ಜುಲೈನಲ್ಲಿ ‘ಹ್ಯೂಮನೇ ವೀಟೆ’ ಎಂಬ ಪತ್ರದಲ್ಲಿ ಹಳೆಯ ನಿಲುವನ್ನೇ ಎತ್ತಿಹಿಡಿದರು. ಸಾರ ಇಷ್ಟು: ದಾಂಪತ್ಯದ ಕೂಟದಲ್ಲಿ ಪ್ರೀತಿಯೂ ಸಂತಾನದ ಸಾಧ್ಯತೆಯೂ ಒಂದಕ್ಕೊಂದು ಹೆಣೆದುಕೊಂಡಿವೆ, ಅವನ್ನು ಬೇಕೆಂದೇ ಬಿಡಿಸಬಾರದು. ತಿಂಗಳ ಫಲವತ್ತಾದ ದಿನಗಳನ್ನು ಲೆಕ್ಕ ಹಾಕಿ ದೂರವಿರುವುದಕ್ಕೆ ಅಡ್ಡಿಯಿಲ್ಲ.

ಅದೇ ಪತ್ರದಲ್ಲಿ ಫಾರ್ವರ್ಡುಗಳಿಗೆ ಎಂದೂ ಸಿಗದ ಒಂದು ಮಾತಿದೆ. ರೋಗಕ್ಕೆ ಔಷಧಿಯಾಗಿ ಕೊಟ್ಟದ್ದು ಗರ್ಭವನ್ನೂ ತಡೆದರೆ ಅದು ಪಾಪವಲ್ಲ, ಉದ್ದೇಶ ತಡೆಯುವುದಲ್ಲದಿದ್ದರೆ ಸಾಕು. ಮುಟ್ಟಿನ ತೊಂದರೆಗೆ, ಪಿಸಿಒಎಸ್‌ಗೆ, ಎಂಡೊಮೆಟ್ರಿಯೋಸಿಸ್‌ಗೆ ವೈದ್ಯರು ಇದೇ ಮಾತ್ರೆ ಬರೆಯುತ್ತಾರೆ. ಅಮೆರಿಕದ ಗಟ್‌ಮೇಕರ್ ಸಂಸ್ಥೆಯ 2011ರ ವಿಶ್ಲೇಷಣೆಯ ಪ್ರಕಾರ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶೇ 14ರಷ್ಟು ಮಂದಿಗೆ ಗರ್ಭ ತಡೆಯುವುದು ಕಾರಣವೇ ಅಲ್ಲ. ತತ್ವದಲ್ಲಿ ಚರ್ಚಿಗೂ ಇದಕ್ಕೆ ತಕರಾರಿಲ್ಲ. ವ್ಯವಹಾರದಲ್ಲಿ? ಜಾರ್ಜ್‌ಟೌನ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿನಿ ಸ್ಯಾಂಡ್ರಾ ಫ್ಲೂಕ್ 2012ರ ಫೆಬ್ರವರಿಯಲ್ಲಿ ಸಂಸದರ ಮುಂದೆ ಹೇಳಿದ್ದು ಇದನ್ನೇ. ತನ್ನ ಗೆಳತಿಗೆ ಅಂಡಾಶಯದ ಸಮಸ್ಯೆಗೆ ಮಾತ್ರೆ ಬೇಕಿತ್ತು, ನಿಜವಾದ ಕಾರಣ ಅದೇ ಎಂದು ವಿಮೆಯವರನ್ನು ನಂಬಿಸಲಾಗದೆ, ಸ್ವಂತ ಹಣವೂ ಸಾಲದೆ ಮಾತ್ರೆ ಬಿಟ್ಟಳು, ಕೊನೆಗೆ ಒಂದು ಅಂಡಾಶಯ ತೆಗೆಯಬೇಕಾಯಿತು ಎಂದರು. ಅದಕ್ಕೂ ಒಂದು ವಾರ ಮೊದಲು ಇದೇ ವಿಷಯದ ಅಧಿಕೃತ ಸಮಿತಿ ಸಭೆಯಲ್ಲಿ ಅವರಿಗೆ ಮಾತಾಡಲು ಬಿಟ್ಟಿರಲಿಲ್ಲ. ಆ ಸಭೆಯ ಮೊದಲ ಸಾಕ್ಷಿಗಳ ಸಾಲಿನಲ್ಲಿ ಕೂತಿದ್ದವರೆಲ್ಲ ಗಂಡಸರು. ಆ ಫೋಟೊ ದೇಶದ ತುಂಬ ಓಡಿತು. ಮಾತಾಡಿದ್ದಕ್ಕೆ ರೇಡಿಯೊ ನಿರೂಪಕ ರಶ್ ಲಿಂಬಾ ಆಕೆಯನ್ನು ಹೊಲಸು ಮಾತಿನಲ್ಲಿ ಬೈದು, ಜಾಹೀರಾತುದಾರರು ಕೈಬಿಡತೊಡಗಿದ ಮೇಲೆ ಕ್ಷಮೆ ಕೇಳಿದರು.

ಒಂದು ಸಹಿ, ಒಂದು ಪಾಪಪ್ರಜ್ಞೆ

ಗದ್ದಲ ಹೆಚ್ಚಿದಾಗ ಒಬಾಮ 2012ರ ಫೆಬ್ರವರಿ 10ರಂದು ನಡುದಾರಿ ಸೂಚಿಸಿದರು. ಧಾರ್ಮಿಕ ಆಸ್ಪತ್ರೆ, ಕಾಲೇಜು, ಸೇವಾಸಂಸ್ಥೆಗಳು ದುಡ್ಡು ಕೊಡಬೇಕಿಲ್ಲ. ‘ನಮಗೆ ಆಕ್ಷೇಪವಿದೆ’ ಎಂದು ತಿಳಿಸಿದರೆ ಸಾಕು, ವಿಮಾ ಕಂಪನಿಯೇ ಸ್ವಂತ ಖರ್ಚಿನಲ್ಲಿ ನೌಕರರಿಗೆ ಗರ್ಭನಿರೋಧಕ ಕೊಡುತ್ತದೆ. ಹೆರಿಗೆಯ ಖರ್ಚಿಗಿಂತ ಮಾತ್ರೆಯ ಖರ್ಚು ಕಡಿಮೆ, ಹಾಗಾಗಿ ಕಂಪನಿಗೂ ನಷ್ಟವಿಲ್ಲ ಎಂಬುದು ಲೆಕ್ಕ. 2013ರ ಜುಲೈನಲ್ಲಿ ಇದು ನಿಯಮವಾಯಿತು, ಆಕ್ಷೇಪ ತಿಳಿಸಲು ಒಂದು ಫಾರ್ಮ್ ಬಂತು. ಹೊರಗಿನವರಿಗೆ ಜಗಳ ಮುಗಿಯಿತು ಅನ್ನಿಸಬೇಕು. ಮುಗಿಯಲಿಲ್ಲ.

ಯಾಕೆ ಎನ್ನಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶುದ್ಧ ಸಸ್ಯಾಹಾರಿಯಾದ ಮಾಲೀಕರೊಬ್ಬರು ನೌಕರರಿಗೆ ಊಟದ ಕೂಪನ್ ಕೊಡುತ್ತಾರೆ. ಕೂಪನ್ನಿನಲ್ಲಿ ಮೊಟ್ಟೆಯೂ ಸಿಗಬೇಕು ಎಂದು ಸರ್ಕಾರ ಹೇಳುತ್ತದೆ. ಮಾಲೀಕರು ಒಲ್ಲೆ ಎನ್ನುತ್ತಾರೆ. ಸರಿ, ನೀವು ಮೊಟ್ಟೆಗೆ ಕಾಸು ಕೊಡಬೇಡಿ, ‘ನಾನು ಮೊಟ್ಟೆ ಕೊಡಿಸುವುದಿಲ್ಲ’ ಎಂದು ಕೂಪನ್ ಕಂಪನಿಗೆ ಒಂದು ಚೀಟಿ ಬರೆದುಕೊಡಿ, ಅವರೇ ತಮ್ಮ ಲೆಕ್ಕದಲ್ಲಿ ಕೊಡುತ್ತಾರೆ ಎನ್ನುತ್ತದೆ ಸರ್ಕಾರ. ಒಬ್ಬ ಮಾಲೀಕ ‘ಪೀಡೆ ಕಳೆಯಿತು’ ಎಂದು ಬರೆದುಕೊಡುತ್ತಾನೆ. ಇನ್ನೊಬ್ಬ ಹೇಳುತ್ತಾನೆ: ‘ನಾನು ಚೀಟಿ ಬರೆದರೆ ತಾನೆ ಮೊಟ್ಟೆ ಬರುವುದು? ಹಾಗಾದರೆ ಆ ಚೀಟಿಯೇ ಬೀಗದ ಕೈ. ತೆರೆದವನು ನಾನೇ ಆದೆನಲ್ಲ.’

ಕ್ಯಾಥೊಲಿಕ್ ನೀತಿಶಾಸ್ತ್ರದಲ್ಲಿ ಈ ಪ್ರಶ್ನೆಗೆ ಶತಮಾನಗಳ ಚರ್ಚೆಯೇ ಇದೆ. ಇನ್ನೊಬ್ಬರ ತಪ್ಪಿಗೆ ಮನಸಾರೆ ಕೈಜೋಡಿಸುವುದು ಎಂದೂ ಸಲ್ಲ. ಮನಸ್ಸಿಲ್ಲದೆ, ದೂರದಿಂದ, ದೊಡ್ಡ ಕಾರಣಕ್ಕಾಗಿ ಆಗುವ ಸಹಕಾರವನ್ನು ಕೆಲವೊಮ್ಮೆ ಸಹಿಸಬಹುದು. ಫಾರ್ಮಿಗೆ ಸಹಿ ಹಾಕುವುದು ಎಷ್ಟು ದೂರದ ಸಹಕಾರ ಎಂಬಲ್ಲಿ ಕ್ಯಾಥೊಲಿಕರಲ್ಲೇ ಒಮ್ಮತ ಇರಲಿಲ್ಲ. ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘದ ಮುಖ್ಯಸ್ಥೆ ಸಿಸ್ಟರ್ ಕ್ಯಾರಲ್ ಕೀಹನ್, ಒಬಾಮ ಅವರ ಆರೋಗ್ಯ ಕಾಯ್ದೆಯನ್ನೇ ಬೆಂಬಲಿಸಿದ್ದವರು, ನಡುದಾರಿಯನ್ನು ಮೊದಲು ಸ್ವಾಗತಿಸಿದರು. ಕೆಲವು ತಿಂಗಳ ನಂತರ ಅವರ ಸಂಘವೂ ಇದು ಸಾಲದು ಎಂದಿತು. 2012ರ ಮೇ 21ರಂದು ನಾಟರ್ ಡೇಮ್ ವಿಶ್ವವಿದ್ಯಾಲಯ ಸೇರಿ 43 ಕ್ಯಾಥೊಲಿಕ್ ಸಂಸ್ಥೆಗಳು ಒಂದೇ ದಿನ 12 ದಾವೆ ಹೂಡಿದವು.

ಎಲ್ಲರಿಗೂ ನೆನಪಿರುವ ಮುಖ ಮಾತ್ರ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಅವರದು. 1839ರಲ್ಲಿ ಫ್ರಾನ್ಸಿನ ಜೀನ್ ಜುಗಾನ್ ಕುರುಡಿಯಾದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆ ಬಿಟ್ಟುಕೊಟ್ಟಲ್ಲಿಂದ ಶುರುವಾದ ಪಂಥ ಇದು. ಬಡ ವೃದ್ಧರನ್ನು ನೋಡಿಕೊಳ್ಳುವುದೇ ಇವರ ಕೆಲಸ. ಫಾರ್ಮಿಗೆ ಸಹಿ ಹಾಕುವುದಿಲ್ಲ ಎಂದರು. ದಂಡ ಶುರುವಾಗಬೇಕಿದ್ದ ಹಿಂದಿನ ರಾತ್ರಿ, 2013ರ ಡಿಸೆಂಬರ್ 31ರಂದು, ನ್ಯಾಯಮೂರ್ತಿ ಸೋನಿಯಾ ಸೋಟೊಮಯೋರ್ ತಾತ್ಕಾಲಿಕ ತಡೆ ಕೊಟ್ಟರು. ಅದೇ ರಾತ್ರಿ ಟೈಮ್ಸ್ ಸ್ಕ್ವೇರಿನಲ್ಲಿ ಹೊಸ ವರ್ಷದ ಗೋಳ ಇಳಿಸುವ ಗುಂಡಿ ಒತ್ತಿದವರೂ ಅವರೇ. ಅಂದರೆ ಫಾರ್ವರ್ಡಿನಲ್ಲಿರುವ ‘ಕೋಟಿಗಟ್ಟಲೆ ದಂಡ’ದ ಬೆದರಿಕೆ ನಿಜ, ಆದರೆ ಸಿಸ್ಟರ್‌ಗಳು ಅದನ್ನು ಕಟ್ಟುವ ಮುನ್ನವೇ ಕೋರ್ಟ್ ಅಡ್ಡ ಬಂತು.

ಈ ಪ್ರಕರಣದ ಅತಿ ಸೋಜಿಗದ ಭಾಗ ಇಲ್ಲಿದೆ. ಸಿಸ್ಟರ್‌ಗಳ ವಿಮೆ ನಡೆಸುತ್ತಿದ್ದದ್ದು ಇನ್ನೊಂದು ಕ್ಯಾಥೊಲಿಕ್ ಟ್ರಸ್ಟ್. ‘ಚರ್ಚ್ ಪ್ಲಾನ್’ ಎಂಬ ಆ ವರ್ಗದ ವಿಮೆಯ ನಿರ್ವಾಹಕರನ್ನು ಗರ್ಭನಿರೋಧಕ ಕೊಡುವಂತೆ ಒತ್ತಾಯಿಸುವ ಅಧಿಕಾರ ತನಗಿಲ್ಲ ಎಂದು ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಸಹಿ ಬಿದ್ದಿದ್ದರೂ ಆ ನೌಕರರ ಕೈಗೆ ಮಾತ್ರೆ ಬರುವ ಖಾತ್ರಿ ಇರಲಿಲ್ಲ! ಇಷ್ಟಾದರೂ ಸರ್ಕಾರ ಸಹಿ ಬೇಕೇ ಬೇಕೆಂದಿತು, ಸಿಸ್ಟರ್‌ಗಳು ಒಲ್ಲೆವೆಂದರು. ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋದದ್ದು ಆ ಕಾಗದ.

ನನ್ನ ಮಾತು ಕೇಳಿದರೆ, ಸನ್ಯಾಸಿನಿಯೊಬ್ಬಳ ಪಾಪಪ್ರಜ್ಞೆಯನ್ನು ಸರ್ಕಾರ ಅಳೆಯಲಾರದು, ಅಳೆಯಬಾರದು. ಆದರೆ ಆ ವೃದ್ಧಾಶ್ರಮದ ರಾತ್ರಿ ಪಾಳಿಯ ಸಹಾಯಕಿಯ ಅಗತ್ಯ ಇಡೀ ವಾದದಲ್ಲಿ ಎಲ್ಲೂ ಕಾಣದಂತೆ ಆದದ್ದು ನ್ಯಾಯವಲ್ಲ. ಮೇಲಿನ ಕೂಪನ್ನಿನ ಉದಾಹರಣೆ ಸೋಲುವುದೂ ಇಲ್ಲೇ. ಮೊಟ್ಟೆ ಸಿಗದವರು ಬೇರೆ ಏನಾದರೂ ತಿಂದಾರು, ಬಯಸದ ಬಸಿರನ್ನು ಹಾಗೆ ಬದಿಗಿಡಲಾಗುವುದಿಲ್ಲ.

ಕೋರ್ಟಿನ ಮೆಟ್ಟಿಲುಗಳು

ಈ ದಾವೆಗಳೆಲ್ಲ ನಿಂತದ್ದು 1993ರ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯೊಂದರ ಮೇಲೆ. ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ್ದ, ಎರಡೂ ಪಕ್ಷಗಳು ಬೆಂಬಲಿಸಿದ್ದ ಆ ಕಾಯ್ದೆಯ ಪ್ರಕಾರ, ಒಬ್ಬರ ಧರ್ಮಾಚರಣೆಗೆ ಸರ್ಕಾರ ದೊಡ್ಡ ಹೊರೆ ಹೊರಿಸಬೇಕಾದರೆ ಬಲವಾದ ಕಾರಣ ಇರಬೇಕು, ಇದ್ದುದರಲ್ಲಿ ಕಡಿಮೆ ನೋವಿನ ದಾರಿ ಹಿಡಿಯಬೇಕು.

2014ರ ಜೂನ್ 30ರ ಹಾಬಿ ಲಾಬಿ ತೀರ್ಪು ಎಲ್ಲಕ್ಕಿಂತ ಹೆಸರಾಯಿತು. 5-4ರ ಬಹುಮತದಲ್ಲಿ, ಕುಟುಂಬಗಳ ಹಿಡಿತದಲ್ಲಿರುವ ಖಾಸಗಿ ಕಂಪನಿಗಳಿಗೂ ಈ ಕಾಯ್ದೆಯ ರಕ್ಷಣೆ ಇದೆ ಎಂದಿತು ಕೋರ್ಟ್. ಇದನ್ನು ಕ್ಯಾಥೊಲಿಕರ ಕೇಸು ಎಂದು ಹಂಚುವವರಿದ್ದಾರೆ. ಅಲ್ಲ. ಹಾಬಿ ಲಾಬಿ ಎಂಬ ಕರಕುಶಲ ಸಾಮಗ್ರಿ ಮಳಿಗೆಗಳ ಮಾಲೀಕರು ಇವಾಂಜೆಲಿಕಲ್ ಪ್ರಾಟೆಸ್ಟೆಂಟರು. 20 ವಿಧಾನಗಳಲ್ಲಿ ಅವರ ತಕರಾರಿದ್ದದ್ದು ನಾಲ್ಕಕ್ಕೆ ಮಾತ್ರ. ಕ್ಯಾಥೊಲಿಕ್ ಬೋಧನೆಗೆ ಇಪ್ಪತ್ತೂ ಸಲ್ಲ.

ಲಾಭರಹಿತ ಧಾರ್ಮಿಕ ಸಂಸ್ಥೆಗಳ ಪ್ರಕರಣಗಳು ಪಿಟ್ಸ್‌ಬರ್ಗ್ ಬಿಷಪ್ ಡೇವಿಡ್ ಜುಬಿಕ್ ಅವರ ಹೆಸರಿನಲ್ಲಿ ಒಟ್ಟಾಗಿ ಬಂದವು. ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡು ಎಂಟೇ ಜನ ಉಳಿದಿದ್ದ ಕೋರ್ಟು 2016ರ ಮೇ 16ರಂದು ‘ನೀವೇ ಕೂತು ರಾಜಿಯಾಗಿ’ ಎಂಬಂತೆ ಕೆಳಗಿನ ಕೋರ್ಟುಗಳಿಗೆ ವಾಪಸ್ ಕಳಿಸಿತು. ರಾಜಿ ಆಗಲಿಲ್ಲ, ಸರ್ಕಾರ ಬದಲಾಯಿತು. 2017ರ ಅಕ್ಟೋಬರ್‌ನಲ್ಲಿ ಟ್ರಂಪ್ ಆಡಳಿತ ವಿನಾಯಿತಿಯ ಬಾಗಿಲನ್ನು ಹೆಚ್ಚುಕಡಿಮೆ ಕಿತ್ತೇ ಹಾಕಿತು: ಧಾರ್ಮಿಕ ಆಕ್ಷೇಪವಿರುವ ಯಾವ ಖಾಸಗಿ ಉದ್ಯೋಗದಾತರೂ ಬಿಡಬಹುದು, ನೈತಿಕ ಆಕ್ಷೇಪವಿರುವ ಹಲವರೂ ಬಿಡಬಹುದು. ಫಾರ್ಮ್ ತುಂಬುವುದು ಅವರಿಷ್ಟ. ತುಂಬದಿದ್ದರೆ ನೌಕರಳಿಗೆ ಏನೂ ಸಿಗುವುದಿಲ್ಲ. ಇದರಿಂದ 70,500ರಿಂದ 1,26,400 ಹೆಂಗಸರು ಸೌಲಭ್ಯ ಕಳೆದುಕೊಳ್ಳಬಹುದು ಎಂದು ಸರ್ಕಾರವೇ ಅಂದಾಜು ಮಾಡಿತ್ತು.

2020ರ ಜುಲೈ 8ರಂದು 7-2ರ ಬಹುಮತದಲ್ಲಿ ಸುಪ್ರೀಂ ಕೋರ್ಟ್ ಇಂಥ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿದೆ ಎಂದಿತು. ಭಿನ್ನಮತ ಬರೆದ ಗಿನ್ಸ್‌ಬರ್ಗ್ ಅದರ ವಿಚಾರಣೆಗೆ ಆಸ್ಪತ್ರೆಯ ಹಾಸಿಗೆಯಿಂದ ಫೋನಿನಲ್ಲಿ ಸೇರಿದ್ದರು. ಅವರ ಜೊತೆ ನಿಂತ ಇನ್ನೊಬ್ಬರು, ಅಂದು ಹೊಸ ವರ್ಷದ ಮುನ್ನಾರಾತ್ರಿ ಸಿಸ್ಟರ್‌ಗಳಿಗೆ ತಡೆ ಕೊಟ್ಟಿದ್ದ ಸೋಟೊಮಯೋರ್. ಅವರು ಹುಟ್ಟಿ ಬೆಳೆದದ್ದು ಕ್ಯಾಥೊಲಿಕ್ ಮನೆಯಲ್ಲಿ. ಯಾರು ಯಾವ ಧರ್ಮ ಎಂದು ನೋಡಿ ತೀರ್ಪು ಊಹಿಸುವವರಿಗೆ ಇದು ಸ್ವಲ್ಪ ಇರುಸುಮುರುಸು.

ಜೊತೆಯಲ್ಲಿ ಓಡಾಡುವ ಅರ್ಧಸತ್ಯಗಳು

‘ಕ್ಯಾಥೊಲಿಕ್ ಹೆಂಗಸರಲ್ಲಿ ಶೇ 98 ಮಂದಿ ಗರ್ಭನಿರೋಧಕ ಬಳಸುತ್ತಾರೆ.’ ಸಂಖ್ಯೆ ಗಟ್‌ಮೇಕರ್ ಸಂಸ್ಥೆಯದೇ, ಆದರೆ ಹೇಳಿಕೆ ಅದಲ್ಲ. ಲೈಂಗಿಕ ಅನುಭವವಿರುವ ಹೆಂಗಸರಲ್ಲಿ ಜೀವನದಲ್ಲಿ ಒಮ್ಮೆಯಾದರೂ, ಚರ್ಚು ಒಪ್ಪುವ ವಿಧಾನ ಬಿಟ್ಟು ಬೇರೆಯದನ್ನು ಬಳಸಿದವರು ಶೇ 98 ಎಂಬುದು ನಿಜವಾದ ಅರ್ಥ. ‘ಒಮ್ಮೆಯಾದರೂ ಬಳಸಿದ’ ಮತ್ತು ‘ಈಗ ಬಳಸುತ್ತಿರುವ’ ನಡುವೆ ಬಹಳ ಅಂತರವಿದೆ. ಹಾಗೆಂದು ಸಾಮಾನ್ಯ ಭಕ್ತರೂ ಬಿಷಪ್ಪರೂ ಒಂದೇ ದಾರಿಯಲ್ಲಿದ್ದಾರೆ ಎಂದೇನೂ ಅಲ್ಲ.

‘ಸರ್ಕಾರ ಗರ್ಭಪಾತದ ಮಾತ್ರೆ ಕಡ್ಡಾಯ ಮಾಡಿತು.’ ಗರ್ಭಪಾತಕ್ಕೆ ಬಳಸುವ ಮಿಫೆಪ್ರಿಸ್ಟೋನ್ ಈ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಗೊಂದಲ ‘ಮಾರನೇ ದಿನದ ಮಾತ್ರೆ’ಯದು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಐ-ಪಿಲ್ ಎಂದು ಸಿಗುವುದರಲ್ಲಿ ಇರುವ ಲೆವೊನೊರ್ಜೆಸ್ಟ್ರೆಲ್ ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತದೆ ಅಥವಾ ಮುಂದೂಡುತ್ತದೆ. ಫಲಿತ ಅಂಡ ಗರ್ಭಕೋಶಕ್ಕೆ ಅಂಟಿಕೊಳ್ಳುವುದನ್ನೂ ತಡೆಯಬಹುದೇನೋ ಎಂಬ ಸಾಲು ಅಮೆರಿಕದ ಪ್ಯಾಕೆಟ್ ಮಾಹಿತಿಯಲ್ಲಿ ಬಹಳ ವರ್ಷ ಇತ್ತು. ಫಲಿತವಾದ ಕ್ಷಣದಿಂದಲೇ ಜೀವ ಎಂದು ನಂಬುವವರಿಗೆ ಆ ಸಾಲೇ ಸಾಕಾಯಿತು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಕರು ಪುರಾವೆ ನೋಡಿ ಅದನ್ನು ತೆಗೆಸಿದರು. ಅಷ್ಟರಲ್ಲಿ ಹಾಬಿ ಲಾಬಿ ತೀರ್ಪು ಬಂದು ಎಂಟು ವರ್ಷವಾಗಿತ್ತು.

‘ಮಾತ್ರೆ ತಂಬಾಕಿನಷ್ಟೇ ಕ್ಯಾನ್ಸರ್‌ಕಾರಕ, ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.’ ಅದರ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ಹಾರ್ಮೋನುಗಳ ಮಾತ್ರೆಯನ್ನು ಮೊದಲ ಗುಂಪಿನಲ್ಲಿ ಇಟ್ಟಿರುವುದು ನಿಜ. ಆದರೆ ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂದು, ಅಪಾಯ ಎಷ್ಟು ದೊಡ್ಡದು ಎಂದಲ್ಲ. ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ಸಾಧ್ಯತೆಯನ್ನು ಅದು ಸ್ವಲ್ಪ ಹೆಚ್ಚಿಸುತ್ತದೆ, ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರಿನದನ್ನು ಕಡಿಮೆ ಮಾಡುತ್ತದೆ. ಬಸಿರು, ಎದೆಹಾಲೂಡಿಕೆ ಇಲ್ಲದ ಸನ್ಯಾಸಿನಿಯರಿಗೆ ಇಂಥ ಕ್ಯಾನ್ಸರಿನ ಅಪಾಯ ಹೆಚ್ಚು, ಅವರಿಗೇ ಮಾತ್ರೆ ಕೊಟ್ಟರೆ ಒಳಿತು ಎಂದು ಇಬ್ಬರು ಆಸ್ಟ್ರೇಲಿಯಾ ವಿಜ್ಞಾನಿಗಳು 2011ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಸನ್ಯಾಸಿನಿಯರಿಗೂ ಮಾತ್ರೆ ಎಂದು ಯಾರಾದರೂ ಹೇಳಿದ್ದಿದ್ದರೆ ಅದು ಇವರು, ಅದೂ ವೈದ್ಯಕೀಯ ಸಲಹೆಯಾಗಿ.

ಈಗ ಏನಾಗಿದೆ?

ಬಹುಪಾಲು ಉದ್ಯೋಗಿಗಳಿಗೆ ನಿಯಮ ಜಾರಿಯಲ್ಲೇ ಇದೆ. ಮಾತ್ರೆ ಬಳಸುವ ಹೆಂಗಸಿಗೆ ವರ್ಷಕ್ಕೆ ಸರಾಸರಿ 255 ಡಾಲರ್ ಉಳಿತಾಯವಾಯಿತು ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಲೆಕ್ಕ ಹಾಕಿದರು. ದಾವೆ ಹೂಡಿದ್ದ ನಾಟರ್ ಡೇಮ್, ವಿನಾಯಿತಿ ಕೈಗೆ ಬಂದ ಮೇಲೆ 2018ರಲ್ಲಿ ಸಾಮಾನ್ಯ ಗರ್ಭನಿರೋಧಕಗಳನ್ನು ತನ್ನ ವಿಮೆಯಲ್ಲೇ ಕೊಡುವುದಾಗಿ ಹೇಳಿತು, ಗರ್ಭಪಾತಕ್ಕೆ ಕಾರಣವಾಗುತ್ತವೆ ಎಂದು ತಾನು ಭಾವಿಸುವವನ್ನು ಬಿಟ್ಟು. ಕ್ಯಾಂಪಸ್ಸಿನಲ್ಲಿ ಹಲವು ಧರ್ಮದವರಿದ್ದಾರೆ ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ಬೈಡನ್ ಆಡಳಿತ 2023ರಲ್ಲಿ ಮುಂದಿಟ್ಟ ಬದಲಿ ನಿಯಮದಲ್ಲಿ, ಉದ್ಯೋಗದಾತರ ಸಹಿಯ ಗೊಡವೆಯೇ ಇಲ್ಲದೆ ಹೆಂಗಸು ನೇರವಾಗಿ ವೈದ್ಯರಿಂದ ಉಚಿತ ಸೇವೆ ಪಡೆಯುವ ದಾರಿ ಇತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ಹಿಂತೆಗೆದುಕೊಂಡರು. 2025ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಫೆಡರಲ್ ಜಿಲ್ಲಾ ಕೋರ್ಟು ಟ್ರಂಪ್ ಕಾಲದ ವಿನಾಯಿತಿಯ ನಿಯಮಗಳನ್ನು ಸಕಾರಣವಿಲ್ಲದವು ಎಂದು ರದ್ದು ಮಾಡಿತು. ವಿನಾಯಿತಿ ಕೊಡುವ ಅಧಿಕಾರ ಇದೆಯೇ ಎಂಬ ಪ್ರಶ್ನೆ 2020ರಲ್ಲೇ ಮುಗಿದಿತ್ತು. ಕೊಟ್ಟ ರೀತಿ ಸರಿಯೇ ಎಂಬುದು ಅಂದು ಉಳಿದಿದ್ದ ಪ್ರಶ್ನೆ.

ಅಮೆರಿಕದಲ್ಲಿ ಕ್ಯಾಥೊಲಿಕ್ ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಕೆಲಸ ಮಾಡುವ ನಿಮ್ಮ ಮಗಳು, ಸೊಸೆ, ಗೆಳತಿ ಇದ್ದರೆ ಅವರು ನೋಡಬೇಕಾದದ್ದು ಫಾರ್ವರ್ಡನ್ನಲ್ಲ, ತಮ್ಮ ವಿಮೆಯ ಸೌಲಭ್ಯಗಳ ಪಟ್ಟಿಯನ್ನು. ರಾಜ್ಯದ ಕಾನೂನು ಗರ್ಭನಿರೋಧಕ ಕಡ್ಡಾಯ ಮಾಡಿದ್ದರೂ, ಸಂಸ್ಥೆಯೇ ಸ್ವಂತ ಹಣದಲ್ಲಿ ನಡೆಸುವ ವಿಮೆಗೆ ಆ ಕಾನೂನು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ‘ನಮ್ಮದು ಯಾವ ಬಗೆಯ ವಿಮೆ, ಇದರಲ್ಲಿ ಗರ್ಭನಿರೋಧಕ ಇದೆಯೇ’ ಎಂದು ಎಚ್‌ಆರ್ ವಿಭಾಗವನ್ನು ಕೇಳಿದರೆ ಉತ್ತರ ಸಿಗುತ್ತದೆ.